ಮಕ್ಕಳ ಮೈಯಲ್ಲಿನ ಕೊಬ್ಬನ್ನು ಅಳೆಯುವುದು ಹೇಗೆ? ಯಾವ ಸ್ಕ್ಯಾನ್ ಯಾವಾಗ ಬೇಕು, ಯಾವಾಗ ಬೇಡ?

(ಶ್ರೀರಾಮನಗರದಲ್ಲಿ ರೋಗಿಗಳಿಗೂ ಅವರ ಸಂಬಂಧಿಕರಿಗೂ ನೀಡಿದ ಆರೋಗ್ಯ ಉಪನ್ಯಾಸದ ಬರಹರೂಪ)





ಪೂಜ್ಯ ಶ್ರೀಗಳ ಕೃಪಾಶೀರ್ವಾದದಿಂದ ನಡೆಯುತ್ತಿರುವ ಈ ಸೇವೆಯಲ್ಲಿ, ಔಷಧಿ ಕೊಡುವಷ್ಟೇ ತಿಳಿವಳಿಕೆ ಕೊಡುವುದೂ ಮುಖ್ಯವೆಂದು ನಾವು ತಿಳಿದಿದ್ದೇವೆ. ಜ್ವರ, ಕೆಮ್ಮು, ಭೇದಿ ಇವುಗಳ ಬಗ್ಗೆ ತಾವು ಹಲವು ಬಾರಿ ಕೇಳಿದ್ದೀರಿ. ಇಂದಿನ ವಿಷಯ ಸ್ವಲ್ಪ ಹೊಸದು. ಮಕ್ಕಳ ಮೈಯಲ್ಲಿ ಕೊಬ್ಬು ಎಷ್ಟಿದೆ, ಎಲ್ಲಿದೆ ಎಂಬುದನ್ನು ಯಾವ ಯಾವ ವಿಧಾನಗಳಿಂದ ತಿಳಿಯಬಹುದು, ಅವುಗಳಲ್ಲಿ ಯಾವುದು ಒಳ್ಳೆಯದು, ಯಾವುದು ಅನಗತ್ಯ ಎಂಬುದು.

"ಸಿಸ್ಟರ್, ನಮ್ಮ ಮಕ್ಕಳಿಗೆ ಮೈ ಹಿಡಿಯುವುದೇ ಕಷ್ಟ, ಕೊಬ್ಬಿನ ಮಾತು ನಮಗ್ಯಾಕ್ರಿ?" ಎಂದು ತಾವು ಕೇಳಬಹುದು. ಪ್ರಶ್ನೆ ಸರಿಯಾದದ್ದೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 5 ವರ್ಷದೊಳಗಿನ ನೂರು ಮಕ್ಕಳಲ್ಲಿ ಸುಮಾರು 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರವಿಲ್ಲದೆ ಕುಗ್ಗಿದ್ದಾರೆ. ತೂಕ ಹೆಚ್ಚಾದವರು ನೂರಕ್ಕೆ ಸುಮಾರು 3 ಮಾತ್ರ. ಆದರೆ ನಮ್ಮ ಮಕ್ಕಳ ವಿಷಯದಲ್ಲಿ ಇನ್ನೊಂದು ಗುಟ್ಟಿದೆ. ನೋಡಲು ತೆಳ್ಳಗಿರುವ ಮಗುವಿನ ಹೊಟ್ಟೆಯೊಳಗೂ ಕೊಬ್ಬು ಸೇರಿರಬಹುದು. ಇದನ್ನು ಕಂಡುಹಿಡಿದದ್ದು ನಮ್ಮದೇ ಮೈಸೂರು ಮತ್ತು ಪಕ್ಕದ ಪುಣೆಯಲ್ಲಿ. ಅದನ್ನು ಮುಂದೆ ಹೇಳುತ್ತೇನೆ.

ಕೊಬ್ಬು ಎಂದರೆ ಬೈಗುಳವಲ್ಲ

ನಮ್ಮ ಕಡೆ "ಅವನಿಗೆ ಕೊಬ್ಬು ಬಂದೈತಿ" ಎಂದರೆ ಸೊಕ್ಕು ಬಂದಿದೆ ಎಂದರ್ಥ. ಆದರೆ ಶರೀರಕ್ಕೆ ಕೊಬ್ಬು ಶತ್ರುವಲ್ಲ. ಅದು ಮನೆಯ ಕಣಜವಿದ್ದಂತೆ. ಊಟ ತಪ್ಪಿದಾಗ ಶಕ್ತಿ ಕೊಡುತ್ತದೆ, ಚಳಿಯಿಂದ ಕಾಪಾಡುತ್ತದೆ, ಮಿದುಳಿನ ಬೆಳವಣಿಗೆಗೆ ಬೇಕು, ಹೆಣ್ಣುಮಕ್ಕಳು ಮೈನೆರೆಯುವುದಕ್ಕೂ ಬೇಕು.

ತೊಂದರೆ ಬರುವುದು ಅದು ಅಳತೆ ಮೀರಿದಾಗ ಮತ್ತು ಸಲ್ಲದ ಜಾಗದಲ್ಲಿ ಕೂತಾಗ. ಚರ್ಮದ ಕೆಳಗೆ ಇರುವ ಕೊಬ್ಬು ಒಂದು ಬಗೆ. ಕೈಯಿಂದ ಹಿಡಿದರೆ ಸಿಗುವುದು ಇದೇ. ಹೊಟ್ಟೆಯೊಳಗೆ ಕರುಳಿನ ಸುತ್ತ ಕೂಡುವ ಕೊಬ್ಬು ಎರಡನೆಯ ಬಗೆ. ಯಕೃತ್ತಿನ ಒಳಗೇ ತುಂಬಿಕೊಳ್ಳುವ ಕೊಬ್ಬು ಮೂರನೆಯ ಬಗೆ. ಈ ಕೊನೆಯ ಎರಡು ಮುಂದೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ಕಾಯಿಲೆಗಳಿಗೆ ದಾರಿ ಮಾಡುತ್ತವೆ. ಇವು ಹೊರಗೆ ಕಾಣುವುದಿಲ್ಲ. ಆದ್ದರಿಂದಲೇ ವೈದ್ಯರು ಒಳಗಿನ ಚಿತ್ರ ತೆಗೆಯುವ ವಿಧಾನಗಳನ್ನು ಹುಡುಕಿದರು.

ಮೊದಲು ತಕ್ಕಡಿ, ಟೇಪು

ಗಂಗಾವತಿ ಸೀಮೆಯವರಿಗೆ ಭತ್ತದ ಮಾತಿನಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. ಎರಡು ಚೀಲ ಭತ್ತ ಒಂದೇ ತೂಕ ಇರಬಹುದು. ಒಂದರಲ್ಲಿ ಗಟ್ಟಿ ಕಾಳು, ಇನ್ನೊಂದರಲ್ಲಿ ತೇವ ಮತ್ತು ಜೊಳ್ಳು. ತಕ್ಕಡಿಗೆ ಈ ಭೇದ ಗೊತ್ತಾಗದು. ಅದಕ್ಕೇ ರೈಸ್ ಮಿಲ್ಲಿನವರು ಚೀಲಕ್ಕೆ ಚುಚ್ಚಿ ಒಂದು ಹಿಡಿ ಭತ್ತ ತೆಗೆದು ನೋಡುತ್ತಾರೆ. ಮಕ್ಕಳ ತೂಕವೂ ಹಾಗೆಯೇ. ತೂಕದಲ್ಲಿ ಮೂಳೆ, ಮಾಂಸ, ನೀರು, ಕೊಬ್ಬು ಎಲ್ಲವೂ ಸೇರಿವೆ. ಆದರೆ ಮಿಲ್ಲಿನವರು ಸಹ ಮೊದಲು ತೂಕವನ್ನೇ ಹಾಕುತ್ತಾರೆ, ತೂಕ ಬಿಟ್ಟು ಯಾರೂ ಮುಂದೆ ಹೋಗುವುದಿಲ್ಲ.

ಆದ್ದರಿಂದ ಮೊದಲ ಹೆಜ್ಜೆ ತೂಕ ಮತ್ತು ಎತ್ತರ. ಕಿಲೋ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಅಂಕಿಗೆ ಬಿ.ಎಂ.ಐ. ಎನ್ನುತ್ತಾರೆ. ದೊಡ್ಡವರಿಗೆ ಒಂದೇ ಅಂಕಿ ಸಾಕು. ಮಕ್ಕಳಿಗೆ ಹಾಗಲ್ಲ, ವಯಸ್ಸು ಮತ್ತು ಗಂಡು-ಹೆಣ್ಣು ನೋಡಿ ಬೆಳವಣಿಗೆಯ ಪಟ್ಟಿಯಲ್ಲಿ ಗುರುತು ಹಾಕಬೇಕು. 5 ವರ್ಷದೊಳಗಿನವರಿಗೆ ವಿಶ್ವ ಆರೋಗ್ಯ ಸಂಸ್ಥೆಯ 2006ರ ಪಟ್ಟಿ ಇದೆ. ಅದಕ್ಕಿಂತ ದೊಡ್ಡ ಮಕ್ಕಳಿಗೆ ಅದೇ ಸಂಸ್ಥೆಯ 2007ರ ಪಟ್ಟಿಯೂ, ಭಾರತೀಯ ಮಕ್ಕಳ ತಜ್ಞರ ಸಂಘದ 2015ರ ಪಟ್ಟಿಯೂ ಇವೆ.

ಎರಡನೆಯದು ಟೇಪು. ಸೊಂಟದ ಸುತ್ತಳತೆ ಎತ್ತರದ ಅರ್ಧಕ್ಕಿಂತ ಹೆಚ್ಚಾಗಬಾರದು. ಇದನ್ನು ಮನೆಯಲ್ಲಿ ದಾರದಿಂದಲೂ ನೋಡಬಹುದು. 6 ವರ್ಷ ದಾಟಿದ ಮಗುವಿನ ಎತ್ತರಕ್ಕೆ ಸರಿಯಾಗಿ ದಾರ ಕತ್ತರಿಸಿ, ಅದನ್ನು ಅರ್ಧಕ್ಕೆ ಮಡಚಿ, ಸೊಂಟಕ್ಕೆ ಸುತ್ತಿರಿ. ದಾರದ ತುದಿಗಳು ಕೂಡದಿದ್ದರೆ ಒಮ್ಮೆ ತೋರಿಸಲು ಕರೆತನ್ನಿರಿ.

ಮೂರನೆಯದು ಚರ್ಮದ ಮಡಿಕೆ ಅಳೆಯುವ ಚಿಮಟ. ತೋಳಿನ ಹಿಂಭಾಗದಲ್ಲಿ ಮತ್ತು ಬೆನ್ನಿನ ಹೆಗಲೆಲುಬಿನ ಕೆಳಗೆ ಚರ್ಮವನ್ನು ಮೆಲ್ಲಗೆ ಹಿಡಿದೆತ್ತಿ ಅದರ ದಪ್ಪವನ್ನು ಮಿಲಿಮೀಟರಿನಲ್ಲಿ ಓದುತ್ತಾರೆ. ನೋವಾಗುವುದಿಲ್ಲ. ಆದರೆ ಕೈ ಪಳಗಿರಬೇಕು, ಪ್ರತಿ ಸಲವೂ ಅದೇ ಜಾಗದಲ್ಲಿ ಅಳೆಯಬೇಕು.

ಔಷಧಿ ಅಂಗಡಿಗಳಲ್ಲಿ, ಜಿಮ್‌ಗಳಲ್ಲಿ ಬರಿಗಾಲಲ್ಲಿ ನಿಂತರೆ "ಕೊಬ್ಬು ಶೇಕಡಾ ಇಷ್ಟು" ಎಂದು ಚೀಟಿ ಕೊಡುವ ಯಂತ್ರಗಳನ್ನು ತಾವು ನೋಡಿರಬಹುದು. ಅದು ಸ್ಕ್ಯಾನ್ ಅಲ್ಲ. ಮೈಯಲ್ಲಿ ಅತಿ ಸಣ್ಣ ವಿದ್ಯುತ್ ಹರಿಸಿ, ಅದಕ್ಕೆ ಎಷ್ಟು ತಡೆ ಬಂತೆಂದು ನೋಡಿ ಲೆಕ್ಕ ಹಾಕುತ್ತದೆ. ಮಗು ನೀರು ಕುಡಿದಿದ್ದರೆ ಒಂದು ಅಂಕಿ, ಬಿಸಿಲಲ್ಲಿ ಆಡಿ ಬೆವರಿದ್ದರೆ ಇನ್ನೊಂದು ಅಂಕಿ. ಒಂದು ಚೀಟಿ ನೋಡಿ ಹೆದರಬೇಡಿರಿ, ಹಿಗ್ಗಲೂ ಬೇಡಿರಿ.

ಇನ್ನು ಒಳಗಿನ ಚಿತ್ರ ತೆಗೆಯುವ ನಾಲ್ಕು ವಿಧಾನಗಳನ್ನು ಒಂದೊಂದಾಗಿ ನೋಡೋಣ.

1. ಅಲ್ಟ್ರಾಸೌಂಡ್

ಗರ್ಭಿಣಿಯರಿಗೆ ಮಾಡುವ ಸ್ಕ್ಯಾನ್ ಇದೇ. ಕಿವಿಗೆ ಕೇಳಿಸದ ಶಬ್ದದ ಅಲೆಗಳನ್ನು ಮೈಯೊಳಗೆ ಕಳಿಸಿ, ತಿರುಗಿ ಬಂದ ಅಲೆಗಳಿಂದ ಚಿತ್ರ ಮಾಡುತ್ತಾರೆ. ಬಾವಿಯಲ್ಲಿ ಕೂಗಿದರೆ ದನಿ ತಿರುಗಿ ಬರುವುದಿಲ್ಲವೆ, ಹಾಗೆ. ಇದರಲ್ಲಿ ಕ್ಷ-ಕಿರಣ ಇಲ್ಲ. ಮಗುವನ್ನು ತಾಯಿಯ ಪಕ್ಕದಲ್ಲೇ ಮಲಗಿಸಿ ನೋಡಬಹುದು. ಖರ್ಚೂ ಉಳಿದವುಗಳಿಗಿಂತ ಕಡಿಮೆ.

ಹೊಟ್ಟೆಯ ಚರ್ಮದಡಿ ಕೊಬ್ಬಿನ ಪದರ ಎಷ್ಟು ದಪ್ಪ ಇದೆ, ಒಳಗಿನ ಕೊಬ್ಬಿನ ಆಳ ಎಷ್ಟು ಎಂಬುದನ್ನು ಇದರಲ್ಲಿ ಅಳೆಯಬಹುದು. ಯಕೃತ್ತಿನಲ್ಲಿ ಕೊಬ್ಬು ತುಂಬಿದ್ದರೆ ಅದು ಪಕ್ಕದ ಮೂತ್ರಪಿಂಡಕ್ಕಿಂತ ಬೆಳ್ಳಗೆ ಹೊಳೆಯುತ್ತದೆ. ಕೊರತೆಯೂ ಇದೆ. ಇಡೀ ಮೈಯಲ್ಲಿ ಒಟ್ಟು ಎಷ್ಟು ಕಿಲೋ ಕೊಬ್ಬು ಎಂದು ಇದು ಹೇಳಲಾರದು. ಯಕೃತ್ತಿನಲ್ಲಿ ಸ್ವಲ್ಪವೇ ಕೊಬ್ಬಿದ್ದರೆ ಕಾಣದೆ ಹೋಗಬಹುದು. ನೋಡುವವರ ಕೈ, ಒತ್ತುವ ಭಾರ ಬದಲಾದರೆ ಅಳತೆಯೂ ಬದಲಾಗುತ್ತದೆ. ಹೊಟ್ಟೆಯ ಸ್ಕ್ಯಾನಿಗೆ ವೈದ್ಯರು ಹೇಳಿದಷ್ಟು ಹೊತ್ತು ಖಾಲಿ ಹೊಟ್ಟೆಯಲ್ಲಿ ಇರಬೇಕು.

2. ಡೆಕ್ಸಾ

ಇದು ಮೂಲತಃ ಮೂಳೆ ಸವೆತ ನೋಡಲು ಬಂದ ಯಂತ್ರ. ಮಗು ಮೇಜಿನ ಮೇಲೆ ಅಲ್ಲಾಡದೆ ಮಲಗಬೇಕು. ಮೇಲಿನಿಂದ ಒಂದು ತೋಳು ತಲೆಯಿಂದ ಕಾಲಿನವರೆಗೆ ನಿಧಾನವಾಗಿ ಸರಿಯುತ್ತದೆ. ಕೆಲವೇ ನಿಮಿಷಗಳ ಕೆಲಸ. ಎರಡು ಬೇರೆ ಬೇರೆ ಶಕ್ತಿಯ ಕ್ಷ-ಕಿರಣಗಳನ್ನು ಹಾಯಿಸುತ್ತಾರೆ. ಮೂಳೆ, ಮಾಂಸ, ಕೊಬ್ಬು ಇವು ಮೂರೂ ಅವುಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ತಡೆಯುತ್ತವೆ. ಅದರಿಂದ ಕೈಯಲ್ಲಿ ಎಷ್ಟು, ಕಾಲಲ್ಲಿ ಎಷ್ಟು, ನಡುಮೈಯಲ್ಲಿ ಎಷ್ಟು ಕೊಬ್ಬಿದೆ ಎಂದು ಗ್ರಾಮಿನ ಲೆಕ್ಕದಲ್ಲಿ ಸಿಗುತ್ತದೆ.

"ಕ್ಷ-ಕಿರಣ ಅಂದ್ರೆ ಮಗುವಿಗೆ ಅಪಾಯ ಅಲ್ಲೇನ್ರಿ?" ಎಂದು ಕೇಳುವವರಿದ್ದಾರೆ. ನಮ್ಮ ಮಣ್ಣಿನಿಂದ, ಆನೆಗೊಂದಿ ಕಡೆಯ ಕಲ್ಲುಬಂಡೆಗಳಿಂದ, ಆಕಾಶದಿಂದ ಪ್ರತಿದಿನ ಸ್ವಲ್ಪ ವಿಕಿರಣ ಎಲ್ಲರ ಮೈಗೂ ತಾಗುತ್ತಲೇ ಇರುತ್ತದೆ. ಒಂದು ಡೆಕ್ಸಾದಲ್ಲಿ ತಾಗುವುದು ಅಂಥ ಒಂದೆರಡು ದಿನಗಳಷ್ಟು ಮಾತ್ರ. ಆದರೂ ಸುಮ್ಮನೆ ಮಾಡಿಸುವಂಥದ್ದಲ್ಲ. ಇದರ ದೊಡ್ಡ ಕೊರತೆ ಎಂದರೆ ಚಿತ್ರ ಚಪ್ಪಟೆಯಾಗಿರುತ್ತದೆ. ಹೊಟ್ಟೆಯ ಮೇಲಿನ ಕೊಬ್ಬನ್ನೂ ಒಳಗಿನ ಕೊಬ್ಬನ್ನೂ ನೇರವಾಗಿ ಬೇರ್ಪಡಿಸಲಾರದು, ಅಂದಾಜು ಮಾಡಬೇಕಾಗುತ್ತದೆ. ಒಂದು ಕಂಪನಿಯ ಯಂತ್ರದ ಅಂಕಿ ಇನ್ನೊಂದರ ಅಂಕಿಗೆ ಸರಿಹೊಂದುವುದಿಲ್ಲ. ಆದ್ದರಿಂದ ಎರಡನೆಯ ಸಲ ಮಾಡಿಸಬೇಕಾಗಿ ಬಂದರೆ ಮೊದಲು ಮಾಡಿಸಿದ ಯಂತ್ರದಲ್ಲೇ ಮಾಡಿಸಬೇಕು.

3. ಸಿ.ಟಿ. ಸ್ಕ್ಯಾನ್

ಸೌತೆಕಾಯಿಯನ್ನು ಬಿಲ್ಲೆ ಬಿಲ್ಲೆಯಾಗಿ ಕೊಯ್ದು ನೋಡಿದಂತೆ ಮೈಯನ್ನು ಕೊಯ್ಯದೆಯೇ ಬಿಲ್ಲೆಗಳಾಗಿ ತೋರಿಸುವ ಯಂತ್ರ ಇದು. ಹೊಕ್ಕಳಿನ ಮಟ್ಟದಲ್ಲಿ ಒಂದು ಬಿಲ್ಲೆ ತೆಗೆದರೆ ಚರ್ಮದಡಿಯ ಕೊಬ್ಬು ಯಾವುದು, ಒಳಗಿನ ಕೊಬ್ಬು ಯಾವುದು ಎಂದು ಸ್ಪಷ್ಟವಾಗಿ ಕಾಣುತ್ತದೆ. ಚಿತ್ರ ಬಹಳ ನಿಖರ. ಸಮಯವೂ ಕಡಿಮೆ.

ಆದರೆ ಇದರ ಬೆಲೆಯನ್ನು ಮಗುವಿನ ಮೈ ತೆರಬೇಕಾಗುತ್ತದೆ. ಇಡೀ ಹೊಟ್ಟೆಯ ಸಿ.ಟಿ. ಒಂದರಲ್ಲಿ ತಾಗುವ ವಿಕಿರಣ, ಸಹಜವಾಗಿ ಒಂದು ವರ್ಷದಲ್ಲಿ ತಾಗುವುದಕ್ಕಿಂತಲೂ ಹೆಚ್ಚು. ಬೆಳೆಯುವ ಮಕ್ಕಳ ಜೀವಕೋಶಗಳು ದೊಡ್ಡವರಿಗಿಂತ ವಿಕಿರಣಕ್ಕೆ ಹೆಚ್ಚು ಸೂಕ್ಷ್ಮ, ಅವರ ಮುಂದೆ ಬಾಳುವ ವರ್ಷಗಳೂ ಹೆಚ್ಚು. ತಲೆಗೆ ಪೆಟ್ಟು ಬಿದ್ದಾಗ, ಹೊಟ್ಟೆಯೊಳಗೆ ಗಂಭೀರ ಕಾಯಿಲೆಯ ಸಂಶಯ ಬಂದಾಗ ಸಿ.ಟಿ. ಜೀವ ಉಳಿಸುತ್ತದೆ. ಆಗ ವೈದ್ಯರು ಹೇಳಿದರೆ ಹಿಂದೆಮುಂದೆ ನೋಡಬೇಡಿರಿ. ಆದರೆ ಕೇವಲ ಕೊಬ್ಬು ಅಳೆಯುವುದಕ್ಕಾಗಿ ಮಕ್ಕಳಿಗೆ ಸಿ.ಟಿ. ಮಾಡಿಸಬಾರದು. ಈ ಒಂದು ಮಾತನ್ನು ಇಂದು ಮನೆಗೆ ಕಟ್ಟಿಕೊಂಡು ಹೋದರೂ ಸಾಕು.

4. ಎಂ.ಆರ್.ಐ.

ಇದರಲ್ಲಿ ಕ್ಷ-ಕಿರಣವೇ ಇಲ್ಲ. ಬಲವಾದ ಆಯಸ್ಕಾಂತ ಮತ್ತು ರೇಡಿಯೋ ಅಲೆಗಳಿಂದ ಚಿತ್ರ ತೆಗೆಯುತ್ತಾರೆ. ನೀರಿನಂಶವೂ ಕೊಬ್ಬೂ ಈ ಯಂತ್ರಕ್ಕೆ ಬೇರೆ ಬೇರೆಯಾಗಿ ಉತ್ತರ ಕೊಡುವುದರಿಂದ ಚರ್ಮದಡಿ, ಹೊಟ್ಟೆಯೊಳಗೆ, ಯಕೃತ್ತಿನಲ್ಲಿ ಎಲ್ಲೆಲ್ಲಿ ಎಷ್ಟು ಕೊಬ್ಬು ಎಂದು ವಿಂಗಡಿಸಿ ಹೇಳಬಹುದು. ಮಕ್ಕಳ ಕೊಬ್ಬಿನ ಹಂಚಿಕೆ ತಿಳಿಯಲು ನಾಲ್ಕರಲ್ಲಿ ಇದೇ ಉತ್ತಮ.

ಹಾಗಾದರೆ ಎಲ್ಲರಿಗೂ ಇದನ್ನೇ ಏಕೆ ಮಾಡಬಾರದು? ಒಂದು, ಖರ್ಚು ಸಾವಿರಾರು ರೂಪಾಯಿ. ಎರಡು, ಸುರಂಗದಂಥ ಯಂತ್ರದೊಳಗೆ ದೊಡ್ಡ ಸದ್ದಿನ ನಡುವೆ ಬಹಳ ಹೊತ್ತು ಅಲ್ಲಾಡದೆ ಮಲಗಬೇಕು. ಎಳೆಗೂಸುಗಳಿಗೆ ಹಾಲೂಡಿಸಿ, ಬಟ್ಟೆಯಲ್ಲಿ ಬೆಚ್ಚಗೆ ಸುತ್ತಿ, ನಿದ್ದೆ ಬಂದ ಮೇಲೆ ತೆಗೆಯುವ ಪದ್ಧತಿ ಇದೆ. 2ರಿಂದ 6 ವರ್ಷದ ಮಕ್ಕಳು ಮಾತ್ರ ಸುಮ್ಮನಿರುವುದು ಕಷ್ಟ, ಕೆಲವೊಮ್ಮೆ ನಿದ್ದೆಯ ಔಷಧಿ ಕೊಡಬೇಕಾಗುತ್ತದೆ. ಬರೀ ಕೊಬ್ಬು ನೋಡಲು ನಿದ್ದೆಯ ಔಷಧಿ ಕೊಡುವುದು ಸಲ್ಲದು. ಮೂರು, ಎಂ.ಆರ್.ಐ. ಏನು ಹೇಳಿದರೂ ಮಗುವಿಗೆ ಮಾಡುವ ಉಪಚಾರ ಸಾಮಾನ್ಯವಾಗಿ ಬದಲಾಗುವುದಿಲ್ಲ. ಊಟ, ಆಟ, ನಿದ್ದೆ ಇವೇ ಉಪಚಾರ.

ಮೈಸೂರು, ಪುಣೆಗಳು ಕಲಿಸಿದ ಪಾಠ

ಹಾಗಾದರೆ ಈ ಯಂತ್ರಗಳಿಂದ ಆದ ಉಪಯೋಗವಾದರೂ ಏನು? ಉಪಯೋಗ ದೊಡ್ಡದೇ. ಕೆಲವು ನೂರು ಮಕ್ಕಳನ್ನು ಅಳೆದು ತಿಳಿದದ್ದು ಕೋಟ್ಯಂತರ ಮಕ್ಕಳಿಗೆ ದಾರಿ ತೋರಿಸಿದೆ.

ಮೈಸೂರಿನಲ್ಲಿ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಇದೆ, ಜನ ಅದನ್ನು ಮಿಷನ್ ಆಸ್ಪತ್ರೆ ಎಂದೇ ಕರೆಯುತ್ತಾರೆ. ಅಲ್ಲಿ 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ದಾದಿಯರು ಪುಸ್ತಕದಲ್ಲಿ ಬರೆದಿಟ್ಟಿದ್ದರು. ಆ ಹಳೆಯ ಪುಸ್ತಕಗಳನ್ನು ಹಿಡಿದು, ಆ ಕೂಸುಗಳು ನಡುವಯಸ್ಸಿಗೆ ಬಂದಾಗ ಹುಡುಕಿ ಪರೀಕ್ಷಿಸಿದರು. ಹುಟ್ಟುವಾಗ ತೂಕ ಕಡಿಮೆ ಇದ್ದವರಲ್ಲಿ ಹೃದಯದ ಕಾಯಿಲೆ ಹೆಚ್ಚು ಕಂಡಿತು. 1996ರಲ್ಲಿ ಇದು ಪ್ರಕಟವಾಯಿತು. ಪೆನ್ನು, ತಕ್ಕಡಿ, ಟೇಪು ಇಷ್ಟರಿಂದಲೇ ಬಂದ ತಿಳಿವು ಇದು.

ಆಮೇಲೆ ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ ಗರ್ಭಿಣಿಯರ ಸಕ್ಕರೆ ಪರೀಕ್ಷೆ ಮಾಡಿ, ಹುಟ್ಟಿದ ಮಕ್ಕಳನ್ನು ವರ್ಷ ವರ್ಷವೂ ಅಳೆಯುತ್ತ ಬಂದರು. ಡಾ. ಜಿ.ವಿ. ಕೃಷ್ಣವೇಣಿ, ಇಂಗ್ಲೆಂಡಿನ ಡಾ. ಕೆರೊಲಿನ್ ಫಾಲ್ ಮುಂತಾದವರ ತಂಡ ಇದನ್ನು ನಡೆಸಿತು. ಇಂಗ್ಲೆಂಡಿನ ಕೂಸುಗಳ ಜೊತೆ ಹೋಲಿಸಿದರೆ ನಮ್ಮ ಕೂಸುಗಳು ತೂಕ, ಉದ್ದ, ತೋಳಿನ ದಪ್ಪ ಎಲ್ಲದರಲ್ಲೂ ಚಿಕ್ಕವು. ಆದರೆ ಬೆನ್ನಿನ ಚರ್ಮದಡಿಯ ಕೊಬ್ಬು ಮಾತ್ರ ಅಷ್ಟಾಗಿ ಕಡಿಮೆಯಾಗಿರಲಿಲ್ಲ. ಅಂದರೆ ಮಾಂಸ ಕಡಿಮೆ, ನಡುಮೈಯ ಕೊಬ್ಬು ಉಳಿದಿದೆ. ತಾಯಿಗೆ ಬಸಿರಿನಲ್ಲಿ ಸಕ್ಕರೆ ಕಾಯಿಲೆ ಇದ್ದರೆ ಅವಳ ಹೆಣ್ಣುಮಕ್ಕಳಲ್ಲಿ 5ನೆಯ ವರ್ಷಕ್ಕೇ ಚರ್ಮದಡಿಯ ಕೊಬ್ಬು ಹೆಚ್ಚಾಗಿ ಕಂಡಿತು.

ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕರು 1993ರಿಂದ ಸುತ್ತಮುತ್ತಲ ಹಳ್ಳಿಗಳ ಒಕ್ಕಲು ಮಕ್ಕಳ ತಾಯಂದಿರಲ್ಲಿ ಇದೇ ಬಗೆಯ ಅಧ್ಯಯನ ಮಾಡಿದರು. ಅಲ್ಲಿಯೂ "ತೆಳ್ಳಗಿದ್ದೂ ಕೊಬ್ಬಿರುವ ಕೂಸು" ಕಂಡಿತು. ಆ ಮಕ್ಕಳಿಗೆ 6 ವರ್ಷವಾದಾಗ ಡೆಕ್ಸಾದಿಂದ ಕೊಬ್ಬು ಅಳೆದರು. ಮುಂದೆ 2009ರಲ್ಲಿ ಲಂಡನ್ನಿನ ಡಾ. ನೀನಾ ಮೋದಿಯವರ ತಂಡದ ಜೊತೆ ಸೇರಿ ಪುಣೆಯ ಮತ್ತು ಲಂಡನ್ನಿನ ನವಜಾತ ಶಿಶುಗಳ ಎಂ.ಆರ್.ಐ. ಹೋಲಿಕೆ ಪ್ರಕಟಿಸಿದರು. ಪುಣೆಯ ಕೂಸುಗಳ ತೂಕ ಕಡಿಮೆ ಇದ್ದರೂ ಹೊಟ್ಟೆಯ ಭಾಗದ ಕೊಬ್ಬು, ಅದರಲ್ಲಿಯೂ ಹೊಟ್ಟೆಯೊಳಗಿನ ಕೊಬ್ಬು ಹೆಚ್ಚಾಗಿತ್ತು. ಚಿಮಟದಿಂದ ಅಳೆದಾಗ ಬಂದ ಸಂಶಯವನ್ನು ಎಂ.ಆರ್.ಐ. ದೃಢಪಡಿಸಿತು.

ತಾಯಂದಿರೆ, ಇಲ್ಲಿ ಒಂದು ವಿಷಯ ಗಮನಿಸಿರಿ. ನಮ್ಮ ಪ್ರತಿ ಕೂಸಿಗೂ ಎಂ.ಆರ್.ಐ. ಮಾಡಿಸಬೇಕೆಂದು ಇದರ ಅರ್ಥವಲ್ಲ. ಬಸಿರಿಯ ಊಟ ಮತ್ತು ಸಕ್ಕರೆ ಪರೀಕ್ಷೆಯನ್ನು ಅಲಕ್ಷಿಸಬಾರದು ಎಂಬುದು ಇದರ ಅರ್ಥ. "ಕೂಸು ಸಣ್ಣದೈತಿ" ಎಂದು ಸಕ್ಕರೆ, ಬಿಸ್ಕತ್ತು, ಡಬ್ಬಿ ಹಾಲು ತುರುಕಿ ಬೇಗ ಗುಂಡಗೆ ಮಾಡಲು ಹೊರಟರೆ ಮಾಂಸ ಬೆಳೆಯುವುದಿಲ್ಲ, ಕೊಬ್ಬು ಬೆಳೆಯುತ್ತದೆ.

ನಡೆದ ಒಂದು ಸಂಗತಿ

ಹೆಸರು ಊರು ಹೇಳುವುದಿಲ್ಲ. ಒಬ್ಬ ತಾಯಿ ತನ್ನ 10 ವರ್ಷದ ಮಗನನ್ನು ಕರೆತಂದಿದ್ದರು, ಜೊತೆಗೆ ಅವರ ಅತ್ತೆಯೂ ಇದ್ದರು. ಹುಡುಗನ ಕುತ್ತಿಗೆಯ ಹಿಂದೆ ಕಪ್ಪಾಗಿ ದಪ್ಪಗಾಗಿತ್ತು. ಕೊಳೆ ಎಂದು ತಿಳಿದು ತಾಯಿ ದಿನಾ ಕಲ್ಲಿನಿಂದ ತಿಕ್ಕುತ್ತಿದ್ದರು, ಚರ್ಮ ಸುಲಿದಿತ್ತು. ಯಾರೋ ತಿಳಿದವರು "ಒಳಗ ಎಷ್ಟು ಕೊಬ್ಬೈತಿ ಅಂತ ಸಿ.ಟಿ. ಮಾಡಿಸ್ರಿ" ಎಂದಿದ್ದರು. ಅದಕ್ಕಾಗಿ ತಾಯಿ ಕಿವಿಯ ಬೆಂಡೋಲೆ ಒತ್ತೆ ಇಡಲು ಸಿದ್ಧರಾಗಿದ್ದರು. ಅತ್ತೆಯವರದು ಬೇರೆಯೇ ಮಾತು: "ಉಂಡು ತಿಂದು ಗಟ್ಟಿ ಅದಾನ, ನಮ್ಮ ಮನಿತನದಾಗ ಹಿಂಗ. ಕೂಸಿನ ಮ್ಯಾಲೆ ಕಣ್ಣು ಹಾಕಬ್ಯಾಡ್ರಿ."

ತೂಕ ನೋಡಿದೆವು, 40 ಕಿಲೋ. ಎತ್ತರ 135 ಸೆಂಟಿಮೀಟರ್. ಲೆಕ್ಕ ಹಾಕಿದರೆ ಬಿ.ಎಂ.ಐ. ಸುಮಾರು 22. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ 10 ವರ್ಷದ ಗಂಡುಮಕ್ಕಳ ನಡುಮಟ್ಟ 16.4, ಬೊಜ್ಜಿನ ಗೆರೆ 21.4. ದಾರ ಸೊಂಟಕ್ಕೆ ಕೂಡಲಿಲ್ಲ. ಕುತ್ತಿಗೆಯ ಕಪ್ಪು ಕೊಳೆಯಲ್ಲ, ಮೈಯೊಳಗೆ ಇನ್ಸುಲಿನ್ ತನ್ನ ಕೆಲಸ ಮಾಡಲು ಹೆಣಗುತ್ತಿದೆ ಎಂಬ ಸೂಚನೆ. ವೈದ್ಯರು ರಕ್ತ ಪರೀಕ್ಷೆ ಮತ್ತು ಒಂದು ಅಲ್ಟ್ರಾಸೌಂಡ್ ಮಾತ್ರ ಬರೆದರು. ಯಕೃತ್ತಿನಲ್ಲಿ ಕೊಬ್ಬು ಕಂಡಿತು. ಸಕ್ಕರೆ ಇನ್ನೂ ಗೆರೆ ದಾಟಿರಲಿಲ್ಲ. ಬೆಂಡೋಲೆ ಕಿವಿಯಲ್ಲೇ ಉಳಿಯಿತು. ಅತ್ತೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಚಿತ್ರ ತೋರಿಸಿದ ಮೇಲೆ ಅವರೇ ಅಂಗಡಿಯ ಪೊಟ್ಟಣ ತರುವುದನ್ನು ನಿಲ್ಲಿಸಿದರು. ಆರು ತಿಂಗಳಿಗೆ ಹುಡುಗನ ಎತ್ತರ ಬೆಳೆದಿತ್ತು, ತೂಕ ಅಲ್ಲೇ ನಿಂತಿತ್ತು. ಬೆಳೆಯುವ ಮಗುವಿಗೆ ಅಷ್ಟೇ ಸಾಕು. ತೂಕ ಇಳಿಸಲು ಉಪವಾಸ ಹಾಕುವ ಅಗತ್ಯ ಬರಲಿಲ್ಲ.

ವೈದ್ಯರಿಗೆ ಯಾವಾಗ ತೋರಿಸಬೇಕು?

– ಸೊಂಟದ ದಾರ ಕೂಡದಿದ್ದಾಗ, ಅಥವಾ ಅಂಗಿ-ಚಡ್ಡಿ ಎರಡು ಮೂರು ತಿಂಗಳಿಗೇ ಬಿಗಿಯಾಗುತ್ತಿದ್ದಾಗ.
– ಕುತ್ತಿಗೆ, ಕಂಕುಳು ಕಪ್ಪಾಗಿ ಮಖಮಲ್ಲಿನಂತೆ ದಪ್ಪಗಾದಾಗ.
– ರಾತ್ರಿ ಜೋರಾಗಿ ಗೊರಕೆ, ಹಗಲು ಶಾಲೆಯಲ್ಲಿ ತೂಕಡಿಕೆ ಇದ್ದಾಗ.
– ಬಾಯಾರಿಕೆ ಹೆಚ್ಚಾಗಿ ಪದೇ ಪದೇ ಮೂತ್ರಕ್ಕೆ ಹೋಗುವಾಗ. ಇದಕ್ಕೆ ತಡ ಮಾಡಬಾರದು.
– ಮಗು ದಪ್ಪಗಾಗುತ್ತಿದ್ದು ಎತ್ತರ ಮಾತ್ರ ನಿಂತುಹೋದಾಗ. ಹೆಚ್ಚು ತಿಂದು ದಪ್ಪಗಾದ ಮಕ್ಕಳು ಸಾಮಾನ್ಯವಾಗಿ ಎತ್ತರವೂ ಬೆಳೆಯುತ್ತಾರೆ. ಎತ್ತರ ನಿಂತಿದ್ದರೆ ಥೈರಾಯ್ಡ್ ಮುಂತಾದ ಗ್ರಂಥಿಗಳ ದೋಷ ಇರಬಹುದು.
– 6 ತಿಂಗಳಿಂದ 5 ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ ಹನ್ನೊಂದೂವರೆ ಸೆಂಟಿಮೀಟರಿಗಿಂತ ಕಡಿಮೆ ಇದ್ದಾಗ. ಇದು ತೀವ್ರ ಅಪೌಷ್ಟಿಕತೆ. ಅಂಗನವಾಡಿ ಕಾರ್ಯಕರ್ತೆಯರ ಹತ್ತಿರ ಬಣ್ಣದ ಟೇಪು ಇರುತ್ತದೆ, ಕೆಂಪು ಬಣ್ಣಕ್ಕೆ ಬಂದರೆ ಅಂದೇ ಆಸ್ಪತ್ರೆಗೆ ತನ್ನಿರಿ.

ಯಾರಾದರೂ ಸ್ಕ್ಯಾನ್ ಬರೆದುಕೊಟ್ಟರೆ ಸಂಕೋಚ ಬಿಟ್ಟು ಮೂರು ಪ್ರಶ್ನೆ ಕೇಳಿರಿ. "ಡಾಕ್ಟರ್‌ರೆ, ಇದರಿಂದ ಏನು ತಿಳಿಯುತ್ತದೆ? ಇದನ್ನು ಮಾಡಿದರೆ ನಮ್ಮ ಮಗುವಿನ ಔಷಧಿ ಅಥವಾ ಉಪಚಾರ ಬದಲಾಗುತ್ತದೆಯೆ? ಕ್ಷ-ಕಿರಣ ಇಲ್ಲದ ಬೇರೆ ದಾರಿ ಇದೆಯೆ?" ಇದು ಎದುರು ಮಾತಲ್ಲ. ಒಳ್ಳೆಯ ವೈದ್ಯರು ಸಂತೋಷದಿಂದ ಉತ್ತರಿಸುತ್ತಾರೆ.

ಸ್ಕ್ಯಾನಿಗೆ ಹೋಗುವ ಮುನ್ನ

ಎಂ.ಆರ್.ಐ. ಕೋಣೆಯೊಳಗೆ ಯಾವ ಲೋಹವೂ ಹೋಗಕೂಡದು. ಕಾಲ್ಗೆಜ್ಜೆ, ಬಳೆ, ಕಿವಿಯೋಲೆ, ಉಡಿದಾರ, ತಾಯಿತ, ಪಿನ್ನು ಎಲ್ಲವನ್ನೂ ತೆಗೆಯಬೇಕು. ಡೆಕ್ಸಾದಲ್ಲಿಯೂ ಲೋಹ ಇದ್ದರೆ ಲೆಕ್ಕ ತಪ್ಪುತ್ತದೆ. ಲಿಂಗಧಾರಣೆಯಾದ ಮಕ್ಕಳ ಕೊರಳಲ್ಲಿ ಬೆಳ್ಳಿಯ ಕರಡಿಗೆ ಇರುತ್ತದೆ. ಅದನ್ನು ಮೈಯಿಂದ ಬೇರೆ ಮಾಡಲು ಹಲವರಿಗೆ ಮನಸ್ಸಾಗುವುದಿಲ್ಲ, ಅದು ನಮಗೆ ಅರ್ಥವಾಗುತ್ತದೆ. ಹೊರಡುವ ಮುಂಚೆಯೇ ಮನೆಯ ಹಿರಿಯರೊಡನೆ ಮಾತನಾಡಿಕೊಳ್ಳಿರಿ. ಶುಚಿಯಾದ ವಸ್ತ್ರವೊಂದನ್ನು ತಂದು, ಪರೀಕ್ಷೆ ಮುಗಿಯುವವರೆಗೆ ಕರಡಿಗೆಯನ್ನು ತಾಯಿಯೋ ಅಜ್ಜಿಯೋ ತಮ್ಮ ಕೈಯಲ್ಲಿಯೇ ಭಕ್ತಿಯಿಂದ ಇಟ್ಟುಕೊಂಡು, ಮುಗಿದ ಕೂಡಲೇ ಮಗುವಿಗೆ ಧರಿಸಿರಿ. ಕೋಣೆಯ ಬಾಗಿಲಲ್ಲಿ ಗಡಿಬಿಡಿಯಲ್ಲಿ ತೆಗೆದು ಕಿಸೆಗೆ ಹಾಕಿ ಕಳೆದುಕೊಂಡವರ ದುಃಖ ನಾವು ನೋಡಿದ್ದೇವೆ.

ಮಗುವಿನ ಮೈಯಲ್ಲಿ ಶಸ್ತ್ರಚಿಕಿತ್ಸೆಯ ಲೋಹದ ತುಂಡು ಅಥವಾ ಯಂತ್ರ ಇದ್ದರೆ ಮೊದಲೇ ಹೇಳಬೇಕು. ದೊಡ್ಡ ಸದ್ದು ಬರುತ್ತದೆಂದು ಮಗುವಿಗೆ ಮುಂಚೆಯೇ ತಿಳಿಸಿರಿ. "ಸೂಜಿ ಚುಚ್ಚಿಸ್ತೀನಿ" ಎಂದು ಹೆದರಿಸಬೇಡಿರಿ.

ಮನೆಯಲ್ಲಿ ಮಾಡಬೇಕಾದದ್ದು

ತುಂಗಭದ್ರೆಯ ಕಾಲುವೆ ನೀರಿನಿಂದ ನಮ್ಮ ಸೀಮೆ ಭತ್ತದ ಕಣಜವಾಗಿದೆ. ಅನ್ನ ನಮಗೆ ಪ್ರಸಾದ. ಆದರೆ ತಟ್ಟೆಯ ತುಂಬ ಬೆಳ್ಳನೆಯ ಅನ್ನ, ಬದಿಯಲ್ಲಿ ಒಂದು ಚಮಚ ತಿಳಿಸಾರು ಎಂದಾದರೆ ಮಾಂಸ ಬೆಳೆಯುವುದಿಲ್ಲ. ಒಂದು ಹೊತ್ತಾದರೂ ಜೋಳದ ರೊಟ್ಟಿ, ಹೆಸರು, ಮಡಕಿ, ಅಲಸಂದಿ ಮುಂತಾದ ಕಾಳುಪಲ್ಯ, ಸೊಪ್ಪು, ಶೇಂಗಾ ಹಿಂಡಿ, ಮೊಸರು ಅಥವಾ ಮಜ್ಜಿಗೆ ಇರಲಿ. ಹುಗ್ಗಿ, ಮಾದಲಿ ಹಬ್ಬಕ್ಕಿರಲಿ. ಸಂಜೆಯ ಮಿರ್ಚಿ-ಭಜಿ, ಐದು ರೂಪಾಯಿಯ ಖಾರದ ಪೊಟ್ಟಣ, ಬಣ್ಣದ ತಂಪು ಪಾನೀಯ ದಿನದ ರೂಢಿಯಾಗುವುದು ಬೇಡ.

ಎಳೆಗೂಸಿಗೆ 6 ತಿಂಗಳವರೆಗೆ ಎದೆಹಾಲು ಮಾತ್ರ. ಆಮೇಲೆ ಎದೆಹಾಲಿನ ಜೊತೆಗೆ ಮೆತ್ತನೆಯ ಮನೆಯೂಟ. 5 ವರ್ಷ ದಾಟಿದ ಮಕ್ಕಳು ದಿನಕ್ಕೆ ಒಂದು ತಾಸಾದರೂ ಬೆವರು ಬರುವಂತೆ ಆಡಬೇಕು. ಹೆಣ್ಣುಮಕ್ಕಳೂ ಆಡಬೇಕು. ಊಟದ ಹೊತ್ತಿಗೆ ಟಿ.ವಿ., ಮೊಬೈಲ್ ಬಂದಾಗಿರಲಿ.

ಬಸಿರಿಯರು ಮೊದಲ ಭೇಟಿಯಲ್ಲಿ ಒಮ್ಮೆ, 24ರಿಂದ 28 ವಾರಗಳ ನಡುವೆ ಇನ್ನೊಮ್ಮೆ ಸಕ್ಕರೆ ಪರೀಕ್ಷೆ ಮಾಡಿಸಿಕೊಳ್ಳಬೇಕು. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ತಾಸಿನ ನಂತರ ರಕ್ತ ನೋಡುತ್ತಾರೆ, ಅಷ್ಟೆ. ಮಗುವಿನ ಹೊಟ್ಟೆಯ ಕೊಬ್ಬಿಗೆ ಮೊದಲ ಕಡಿವಾಣ ಅಲ್ಲಿಯೇ ಬೀಳುತ್ತದೆ.

ಕೊನೆಯದಾಗಿ, ಮಕ್ಕಳನ್ನು "ಡುಮ್ಮ", "ಡುಮ್ಮಿ", "ಕಡ್ಡಿ" ಎಂದು ಕರೆಯಬೇಡಿರಿ. ಮನೆಯಲ್ಲಿ ಒಬ್ಬ ಮಗುವಿಗೆ ಬೇರೆ ಊಟ ಹಾಕಿ ಮೂಲೆಯಲ್ಲಿ ಕೂರಿಸಬೇಡಿರಿ, ಊಟ ಬದಲಾಗುವುದಾದರೆ ಇಡೀ ಮನೆಯದು ಬದಲಾಗಲಿ. ಪಂಕ್ತಿಭೇದವಿಲ್ಲದೆ ಎಲ್ಲರೂ ಒಂದೇ ಸಾಲಿನಲ್ಲಿ ಕೂತು ಉಣ್ಣುವ ದಾಸೋಹ ನಮ್ಮದು. ಅದೇ ರೀತಿ ಮನೆಯಲ್ಲಿಯೂ ನಡೆಯಲಿ.

ತೂಕದ ಯಂತ್ರ, ಎತ್ತರದ ಪಟ್ಟಿ, ಟೇಪು ಇವುಗಳಿಂದ ಮಕ್ಕಳನ್ನು ಅಳೆಸಿಕೊಳ್ಳಲು ತಾವು ಯಾವ ರೋಗವಿಲ್ಲದಿದ್ದರೂ ಬರಬಹುದು. ಮೂರು ತಿಂಗಳಿಗೊಮ್ಮೆ ಬಂದು ಮಗುವಿನ ಪುಸ್ತಕದಲ್ಲಿ ಗುರುತು ಹಾಕಿಸಿಕೊಂಡು ಹೋಗಿರಿ. ಆ ಗೆರೆ ಹೇಗೆ ಸಾಗುತ್ತಿದೆ ಎಂಬುದನ್ನು ನೋಡಿಯೇ ಯಾವ ಸ್ಕ್ಯಾನ್ ಬೇಕು, ಬೇಕೇ ಬೇಡವೇ ಎಂದು ವೈದ್ಯರು ಹೇಳುತ್ತಾರೆ.